ಗ್ರಂಥಾಲಯಕ್ಕೆ ಶಾಸ್ತ್ರದ ರೂಪ ಕೊಟ್ಟ ಗಣಿತ ಮೇಷ್ಟ್ರು ಎಸ್.ಆರ್. ರಂಗನಾಥನ್

ಸೇಡಂ ತಾಲ್ಲೂಕಿನ ಕೋಡ್ಲಾ ಪರಿಸರದಲ್ಲಿ ಒಂದೆಡೆ ತೊಗರಿ ಹೊಲಗಳು, ಇನ್ನೊಂದೆಡೆ ಸುಣ್ಣಕಲ್ಲಿನ ಗಣಿ ಹಾಗೂ ಸಿಮೆಂಟ್ ಕಾರ್ಖಾನೆ. ತೊಗರಿಗೆ ತಗಲುವ ನೆಟೆ ರೋಗವನ್ನು ಕುರಿತು ಕೃಷಿ ವಿಜ್ಞಾನಿಗಳು ಸಂಶೋಧನೆ ನಡೆಸುತ್ತಾರೆ. ಸುಣ್ಣಕಲ್ಲು ಮತ್ತು ಸಿಮೆಂಟಿನ ಗುಣವನ್ನು ವಸ್ತು ವಿಜ್ಞಾನಿಗಳು ಪರೀಕ್ಷಿಸುತ್ತಾರೆ. ಬೆಳೆಯ ಇಳುವರಿಯನ್ನು ಅಂದಾಜು ಮಾಡುವ ಕ್ರಮವನ್ನು ಸಂಖ್ಯಾಶಾಸ್ತ್ರಜ್ಞರು ರೂಪಿಸುತ್ತಾರೆ. ಇವರೆಲ್ಲರ ಬರಹ ಎಲ್ಲೋ ಒಂದು ಕಪಾಟಿನಲ್ಲಿ ಸೇರುತ್ತದೆ. ಆದರೆ ಆ ಬರಹ ಯಾರ ಹೊಲ ಮತ್ತು ಯಾರ ನೆಲವನ್ನು ಕುರಿತದ್ದೋ ಅವರ ಕೈಗೆ ಅದು ಹೇಗೆ ತಲುಪಬೇಕು?

ಈ ಪ್ರಶ್ನೆಯಲ್ಲಿ ಎರಡು ಭಾಗಗಳಿವೆ. ಲಕ್ಷಾಂತರ ಬರಹಗಳ ನಡುವೆ ಬೇಕಾದ ಒಂದನ್ನು ಕ್ಷಣಾರ್ಧದಲ್ಲಿ ಹುಡುಕುವ ಬಗೆ ಯಾವುದು ಎಂಬುದು ಮೊದಲನೆಯದು. ಹಳ್ಳಿಯ ಓದುಗನ ಮನೆಯ ಸಮೀಪಕ್ಕೆ ಗ್ರಂಥಾಲಯ ಬರುವುದು ಯಾರ ಖರ್ಚಿನಲ್ಲಿ, ಯಾವ ಕಾನೂನಿನ ಬಲದಿಂದ ಎಂಬುದು ಎರಡನೆಯದು. ಈ ಎರಡಕ್ಕೂ ಉತ್ತರ ಹುಡುಕುವುದಕ್ಕಾಗಿ ಸುಮಾರು ಅರ್ಧ ಶತಮಾನವನ್ನು ಮುಡಿಪಾಗಿಟ್ಟವರು ಶಿಯಾಲಿ ರಾಮಾಮೃತ ರಂಗನಾಥನ್. ಅವರ ವೃತ್ತಿಜೀವನ ಆರಂಭವಾದದ್ದು ಮಂಗಳೂರಿನಲ್ಲಿ, ಬದುಕು ಮುಗಿದದ್ದು ಬೆಂಗಳೂರಿನಲ್ಲಿ. ಕರ್ನಾಟಕದ ಪಾಲಿಗೆ ಅವರು ಹೊರಗಿನವರಲ್ಲ.

ಮಂಗಳೂರಿನಲ್ಲಿ ಮೇಷ್ಟ್ರು

ರಂಗನಾಥನ್ ಜನಿಸಿದ್ದು 1892ರ ಆಗಸ್ಟ್‌ನಲ್ಲಿ, ಆಗಿನ ತಂಜಾವೂರು ಜಿಲ್ಲೆಯ ಶಿಯಾಲಿಯಲ್ಲಿ. ಈಗ ಆ ಊರಿಗೆ ಸೀರ್ಕಾಳಿ ಎಂಬ ಹೆಸರಿದೆ. ಆರು ವರ್ಷದ ಬಾಲಕನಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡರು. ಬಾಲ್ಯದಲ್ಲಿ ಉಗ್ಗಿನ ತೊಂದರೆಯೂ ಇತ್ತು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತ ಓದಿ 1913ರಲ್ಲಿ ಬಿ.ಎ., 1916ರಲ್ಲಿ ಎಂ.ಎ. ಪದವಿ ಪಡೆದರು. ಅಲ್ಲಿ ಗಣಿತ ಕಲಿಸಿದ ಪ್ರಾಧ್ಯಾಪಕ ಎಡ್ವರ್ಡ್ ರಾಸ್ ಅವರ ಪ್ರಭಾವವನ್ನು ರಂಗನಾಥನ್ ಕೊನೆಯವರೆಗೂ ಸ್ಮರಿಸುತ್ತಿದ್ದರು.

ಸೈದಾಪೇಟೆಯಲ್ಲಿ ಶಿಕ್ಷಕ ತರಬೇತಿ ಮುಗಿಸಿದ ಮೇಲೆ 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿಗೆ ಅಧ್ಯಾಪಕರಾಗಿ ಬಂದರು. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಗಣಿತ ಮತ್ತು ಭೌತಶಾಸ್ತ್ರ ಅವರ ಬೋಧನಾ ವಿಷಯಗಳಾಗಿದ್ದವು. ಅಲ್ಲಿಂದ ಕೊಯಮತ್ತೂರಿಗೆ, ಬಳಿಕ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ವರ್ಗವಾಯಿತು. ಪಾಠ ಹೇಳುವುದರಲ್ಲಿ ಅವರಿಗೆ ಅಪಾರ ಸಂತೋಷವಿತ್ತು. ಇಲ್ಲದ್ದು ಸಂಬಳ ಮಾತ್ರ.

ಮದ್ರಾಸ್ ವಿಶ್ವವಿದ್ಯಾಲಯ ತನ್ನ ಮೊದಲ ಗ್ರಂಥಪಾಲಕರ ಹುದ್ದೆಗೆ ಅರ್ಜಿ ಕರೆದಾಗ ಗೆಳೆಯರ ಒತ್ತಾಯಕ್ಕೆ ಮಣಿದು ಅವರೂ ಅರ್ಜಿ ಹಾಕಿದರು. ಗ್ರಂಥಾಲಯದ ಕೆಲಸ ಏನೆಂಬುದೇ ತಿಳಿಯದ ಅವರು ಸಂದರ್ಶನಕ್ಕೆ ಮುನ್ನ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದಲ್ಲಿದ್ದ ಲೇಖನವೊಂದನ್ನು ಓದಿಕೊಂಡು ಹೋದರು ಎಂಬುದು ಅವರ ಬದುಕಿನ ಪ್ರಸಿದ್ಧ ಪ್ರಸಂಗ. 1924ರ ಜನವರಿಯಲ್ಲಿ ಹುದ್ದೆ ಅವರಿಗೇ ದೊರೆಯಿತು.

ಬಯಸದೆ ಬಂದ ಹುದ್ದೆ

ಕೆಲವೇ ದಿನಗಳಲ್ಲಿ ರಂಗನಾಥನ್ ಬೇಸತ್ತರು. ತರಗತಿಯಲ್ಲಿ ಹುಡುಗರ ನಡುವೆ ಇದ್ದು ಅಭ್ಯಾಸವಾದವರಿಗೆ ಓದುಗರೇ ಸುಳಿಯದ ಕೋಣೆಯಲ್ಲಿ ಪುಸ್ತಕಗಳನ್ನು ಕಾಯುತ್ತ ಕುಳಿತುಕೊಳ್ಳುವುದು ಸೆರೆವಾಸದಂತೆ ತೋರಿತು. ಮರಳಿ ಬೋಧನೆಗೆ ಕಳುಹಿಸುವಂತೆ ಕಾಲೇಜಿನ ಪ್ರಾಂಶುಪಾಲರಲ್ಲಿ ಕೇಳಿಕೊಂಡರು. ಮೊದಲು ಲಂಡನ್ನಿಗೆ ಹೋಗಿ ಗ್ರಂಥಾಲಯದ ಶಿಕ್ಷಣ ಪಡೆಯಲಿ, ಬಂದ ಮೇಲೂ ಮನಸ್ಸು ಬದಲಾಗದಿದ್ದರೆ ನೋಡೋಣ ಎಂಬ ಒಪ್ಪಂದವಾಯಿತು. ಅದರಂತೆ 1924ರಲ್ಲಿ ಹಡಗು ಹತ್ತಿದರು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅವರಿಗೆ ಮಾರ್ಗದರ್ಶನ ನೀಡಿದವರು ಗ್ರಂಥಾಲಯ ವರ್ಗೀಕರಣದಲ್ಲಿ ಹೆಸರು ಮಾಡಿದ್ದ ಬರ್ವಿಕ್ ಸೇಯರ್ಸ್. ಪಾಠಕ್ಕಿಂತ ಹೆಚ್ಚಾಗಿ ಅಲ್ಲಿನ ಗ್ರಂಥಾಲಯಗಳೇ ರಂಗನಾಥನ್ ಅವರಿಗೆ ಗುರುವಾದವು. ಇಂಗ್ಲೆಂಡಿನ ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸುತ್ತಿ ನೋಡಿದರು. ಕಾರ್ಮಿಕರು, ಗೃಹಿಣಿಯರು, ಮಕ್ಕಳು ಕಪಾಟಿನ ಬಳಿಗೇ ಹೋಗಿ ತಮಗೆ ಬೇಕಾದ ಪುಸ್ತಕವನ್ನು ಕೈಗೆತ್ತಿಕೊಳ್ಳುವುದನ್ನು ಕಂಡರು. ಗ್ರಂಥಾಲಯವು ಪಂಡಿತರ ಸೊತ್ತು ಎಂಬ ಭಾವನೆ ಅವರ ಮನಸ್ಸಿನಿಂದ ಅಳಿಸಿಹೋಯಿತು.

ಅದೇ ಪ್ರವಾಸದಲ್ಲಿ ಲಂಡನ್ನಿನ ಸೆಲ್ಫ್‌ರಿಜಸ್ ಮಳಿಗೆಯಲ್ಲಿ ಮೆಕ್ಯಾನೊ ಎಂಬ ಆಟಿಕೆ ಅವರ ಕಣ್ಣಿಗೆ ಬಿತ್ತು. ತೂತುಗಳಿರುವ ಲೋಹದ ಪಟ್ಟಿ, ಚಕ್ರ, ನಟ್ಟು, ಬೋಲ್ಟು ಇಷ್ಟೇ ಸಾಮಗ್ರಿ. ಅವುಗಳನ್ನೇ ಬೇರೆ ಬೇರೆ ರೀತಿಯಲ್ಲಿ ಜೋಡಿಸಿದರೆ ಒಮ್ಮೆ ಸೇತುವೆ, ಮತ್ತೊಮ್ಮೆ ಕ್ರೇನು, ಮಗದೊಮ್ಮೆ ಗಾಡಿ. ಜ್ಞಾನವನ್ನೂ ಹೀಗೆಯೇ ಬಿಡಿಭಾಗಗಳಾಗಿ ಇಟ್ಟುಕೊಂಡು ಬೇಕಾದಾಗ ಜೋಡಿಸಬಾರದೇಕೆ ಎಂಬ ಆಲೋಚನೆ ಗಣಿತಜ್ಞನ ತಲೆಗೆ ಹೊಳೆಯಿತು. 1925ರಲ್ಲಿ ಮದ್ರಾಸಿಗೆ ಮರಳಿದ ಅವರು ಮತ್ತೆ ಬೋಧನೆಯ ಹುದ್ದೆ ಕೇಳಲಿಲ್ಲ.

ಬಿಡಿಭಾಗಗಳ ಜೋಡಣೆ

ಅಂದು ಪ್ರಚಾರದಲ್ಲಿದ್ದ ವರ್ಗೀಕರಣ ಕ್ರಮಗಳಲ್ಲಿ ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ಪದ್ಧತಿ ಪ್ರಮುಖವಾದುದು. ಅದರಲ್ಲಿ ವಿಷಯಗಳ ಪಟ್ಟಿ ಮೊದಲೇ ಸಿದ್ಧವಾಗಿರುತ್ತದೆ, ಒಂದೊಂದಕ್ಕೂ ಒಂದು ಸಂಖ್ಯೆ. ಪಟ್ಟಿಯಲ್ಲಿಲ್ಲದ ಹೊಸ ವಿಷಯ ಬಂದರೆ ಅದನ್ನು ಸಮೀಪದ ಯಾವುದಾದರೂ ಸಂಖ್ಯೆಯೊಳಗೆ ತುರುಕಬೇಕಾಗುತ್ತಿತ್ತು.

ರಂಗನಾಥನ್ 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣ ಈ ಕ್ರಮವನ್ನು ತಲೆಕೆಳಗು ಮಾಡಿತು. ಅದರಲ್ಲಿ ಸಿದ್ಧ ವಿಷಯಗಳ ಬದಲು ವಿಷಯದ ಮುಖಗಳಿದ್ದವು. ಕೃಷಿಗೆ ಜೆ, ತಂತ್ರಜ್ಞಾನಕ್ಕೆ ಎಫ್, ಗಣಿತಕ್ಕೆ ಬಿ ಎಂಬಂತೆ ಮೂಲ ಶಾಸ್ತ್ರಗಳಿಗೆ ಗುರುತು. ಆನಂತರ ಒಂದೊಂದು ಮುಖಕ್ಕೂ ಪ್ರತ್ಯೇಕ ಅಂಕಿ. ಅವುಗಳನ್ನು ಬೆಸೆಯಲು ಮೊದಲ ಆವೃತ್ತಿಗಳಲ್ಲಿ ಬಳಸಿದ್ದು ಕೋಲನ್ ಚಿಹ್ನೆಯನ್ನು. ಹೆಸರು ಬಂದದ್ದೂ ಅದರಿಂದಲೇ. ಮುಂದೆ ಅವರು ಈ ಮುಖಗಳನ್ನು ಐದು ಮೂಲ ವರ್ಗಗಳಿಗೆ ಇಳಿಸಿದರು: ವಸ್ತುವಿನ ವ್ಯಕ್ತಿತ್ವ, ದ್ರವ್ಯ, ಕ್ರಿಯೆ, ಸ್ಥಳ ಮತ್ತು ಕಾಲ.

ನಮ್ಮದೇ ನೆಲದ ಉದಾಹರಣೆಯೊಂದನ್ನು ತೆಗೆದುಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಸೇಡಂ ತಾಲ್ಲೂಕಿನಲ್ಲಿ 2022ರಲ್ಲಿ ತೊಗರಿಗೆ ತಗಲಿದ ನೆಟೆ ರೋಗವನ್ನು ಕುರಿತ ಪ್ರಬಂಧವೊಂದಿದೆ ಎಂದು ಭಾವಿಸೋಣ. ಶಾಸ್ತ್ರ ಕೃಷಿ, ಬೆಳೆ ತೊಗರಿ, ಸಮಸ್ಯೆ ರೋಗ, ಸ್ಥಳ ಸೇಡಂ, ಕಾಲ 2022. ಈ ಐದನ್ನೂ ಅದೇ ಅನುಕ್ರಮದಲ್ಲಿ ಬೆಸೆದರೆ ಆ ಪ್ರಬಂಧಕ್ಕೆ ಅದರದೇ ಆದ ವಿಳಾಸ ಸಿದ್ಧವಾಗುತ್ತದೆ. ಅದೇ ರೋಗ ಮುಂದಿನ ವರ್ಷ ಚಿಂಚೋಳಿಯಲ್ಲಿ ಕಾಣಿಸಿಕೊಂಡರೆ ಸ್ಥಳ ಮತ್ತು ಕಾಲದ ಅಂಕಿ ಮಾತ್ರ ಬದಲಾಗುತ್ತದೆ. ಎರಡು ಪ್ರಬಂಧಗಳೂ ಕಪಾಟಿನಲ್ಲಿ ಅಕ್ಕಪಕ್ಕದಲ್ಲೇ ಕುಳಿತುಕೊಳ್ಳುತ್ತವೆ. ಇನ್ನು ವಾಡಿ ಅಥವಾ ಶಹಾಬಾದ್ ಕಡೆಯ ಸುಣ್ಣಕಲ್ಲನ್ನು ಸುಟ್ಟು ಸಿಮೆಂಟ್ ತಯಾರಿಸುವ ಬಗೆಗಿನ ಬರಹವಾದರೆ ಸುಣ್ಣಕಲ್ಲು ದ್ರವ್ಯವಾಗುತ್ತದೆ, ಸುಡುವುದು ಕ್ರಿಯೆಯಾಗುತ್ತದೆ. ಇನ್ನೂ ಹುಟ್ಟಿರದ ವಿಷಯಕ್ಕೂ ಜಾಗ ಕೊಡುವ ಶಕ್ತಿ ಈ ಪದ್ಧತಿಗಿತ್ತು.

ಕೃಷಿ ವಿಷಯವನ್ನು ಈ ರೀತಿ ಆಳವಾಗಿ ವಿಂಗಡಿಸುವ ಕೆಲಸವೇ ಭಾರತದಲ್ಲಿ ಗ್ರಂಥಾಲಯ ವಿಜ್ಞಾನದ ಮೊದಲ ಡಾಕ್ಟರೇಟ್‌ಗೆ ವಸ್ತುವಾಯಿತು ಎಂಬುದು ಗಮನಾರ್ಹ. ರಂಗನಾಥನ್ ಅವರ ಶಿಷ್ಯ ಡಿ.ಬಿ. ಕೃಷ್ಣರಾವ್ ಅವರು 1950ರ ದಶಕದ ಉತ್ತರಾರ್ಧದಲ್ಲಿ ದೆಹಲಿ ವಿಶ್ವವಿದ್ಯಾಲಯದಿಂದ ಈ ಪದವಿ ಪಡೆದರು.

ಐದು ಸೂತ್ರ, ಒಂದು ಎತ್ತಿನ ಗಾಡಿ

ವರ್ಗೀಕರಣಕ್ಕೆ ಎರಡು ವರ್ಷ ಮುನ್ನ, 1931ರಲ್ಲಿ, ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳನ್ನು ವಿವರಿಸುವ ಅವರ ಗ್ರಂಥ ಹೊರಬಂದಿತ್ತು. ಪುಸ್ತಕವನ್ನು ಕಾಪಾಡುವುದಕ್ಕಿಂತ ಬಳಸುವುದು ಮುಖ್ಯ. ಯಾವ ಓದುಗನೂ ತನಗೆ ಬೇಕಾದ ಪುಸ್ತಕ ಸಿಗದೆ ಬರಿಗೈಯಲ್ಲಿ ಹಿಂತಿರುಗಬಾರದು. ಯಾವ ಪುಸ್ತಕವೂ ಓದುಗನಿಲ್ಲದೆ ಧೂಳು ತಿನ್ನಬಾರದು. ಓದುಗನ ಹೊತ್ತು ಹಾಳಾಗಬಾರದು. ಗ್ರಂಥಾಲಯ ಜೀವಿಯಂತೆ ಬೆಳೆಯುತ್ತಲೇ ಇರುತ್ತದೆ ಎಂಬುದನ್ನು ಮರೆಯಬಾರದು. ಸ್ಥೂಲವಾಗಿ ಇವು ಆ ಐದು ಸೂತ್ರಗಳ ಆಶಯ. ಕೇಳಿದರೆ ಎಲ್ಲರಿಗೂ ಗೊತ್ತಿರುವ ಮಾತಿನಂತೆ ತೋರುತ್ತವೆ. ಆದರೆ ಕಪಾಟಿಗೆ ಬೀಗ ಹಾಕುವುದೇ ಗ್ರಂಥಪಾಲಕನ ಕರ್ತವ್ಯ ಎಂದು ನಂಬಿದ್ದ ಕಾಲದಲ್ಲಿ ಇವು ಕ್ರಾಂತಿಕಾರಕವಾಗಿದ್ದವು.

ಅವರು ಬರೆದು ಸುಮ್ಮನಾಗಲಿಲ್ಲ. ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಓದುಗರಿಗೆ ಕಪಾಟುಗಳನ್ನು ತೆರೆದಿಟ್ಟರು, ಓದುಗನ ಪ್ರಶ್ನೆಗೆ ಉತ್ತರ ಹುಡುಕಿಕೊಡುವ ಸೇವೆಯನ್ನು ಆರಂಭಿಸಿದರು. 1928ರಲ್ಲಿ ಮದ್ರಾಸ್ ಗ್ರಂಥಾಲಯ ಸಂಘ ಸ್ಥಾಪನೆಯಾಯಿತು. 1929ರಲ್ಲಿ ಗ್ರಂಥಪಾಲಕರ ತರಬೇತಿ ಶಾಲೆ ಶುರುವಾಯಿತು. 1931ರ ಅಕ್ಟೋಬರ್‌ನಲ್ಲಿ ಮನ್ನಾರ್‌ಗುಡಿ ಸಮೀಪದ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕ ಕೊಂಡೊಯ್ಯುವ ಸಂಚಾರಿ ಗ್ರಂಥಾಲಯ ಹೊರಟಿತು. ಈ ಚಳವಳಿಯ ಹಿಂದಿನ ಪ್ರೇರಣೆ ರಂಗನಾಥನ್ ಅವರದು.

ಈ ದುಡಿಮೆಯ ನಡುವೆ ವೈಯಕ್ತಿಕ ದುಃಖವೂ ಇತ್ತು. ಹದಿಹರೆಯದಲ್ಲೇ ಕೈಹಿಡಿದಿದ್ದ ಪತ್ನಿ ರುಕ್ಮಿಣಿ 1928ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ಮರುವರ್ಷ ಶಾರದಾ ಅವರೊಡನೆ ವಿವಾಹವಾಯಿತು. ಪತಿ ರಜೆಯೆಂಬುದನ್ನೇ ಅರಿಯದೆ ಎರಡು ದಶಕ ದುಡಿದಾಗ ಮನೆಯ ಭಾರವನ್ನು ಹೊತ್ತವರು ಅವರು. ಸಂಪಾದನೆಯಲ್ಲಿ ಉಳಿಸಿದ 1 ಲಕ್ಷ ರೂಪಾಯಿಯನ್ನು ರಂಗನಾಥನ್ ಮುಂದೆ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಕೊಟ್ಟು, ಗ್ರಂಥಾಲಯ ವಿಜ್ಞಾನದ ಪೀಠವೊಂದಕ್ಕೆ ಪತ್ನಿಯ ಹೆಸರನ್ನೂ ಸೇರಿಸಿದರು.

1944ರಲ್ಲಿ ಮದ್ರಾಸಿನ ಹುದ್ದೆ ತೊರೆದ ಅವರನ್ನು ಮರುವರ್ಷ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಆಹ್ವಾನಿಸಿದವರು ಆಗಿನ ಕುಲಪತಿ ಸರ್ವೇಪಲ್ಲಿ ರಾಧಾಕೃಷ್ಣನ್. ಅಲ್ಲಿನ ಸುಮಾರು 1 ಲಕ್ಷ ಪುಸ್ತಕಗಳ ವರ್ಗೀಕರಣಕ್ಕೆ ರಂಗನಾಥನ್ ತಾವೇ ಕುಳಿತರು. 1947ರಲ್ಲಿ ದೆಹಲಿ ವಿಶ್ವವಿದ್ಯಾಲಯ ಸೇರಿ ಉನ್ನತ ಶಿಕ್ಷಣಕ್ಕೆ ಅಡಿಪಾಯ ಹಾಕಿದರು. ಬಳಿಕ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ನೆಲೆಸಿ ಬರವಣಿಗೆ, ಅಲ್ಲಿಂದ ಉಜ್ಜಯಿನಿಯ ವಿಕ್ರಮ ವಿಶ್ವವಿದ್ಯಾಲಯ. 1957ರಲ್ಲಿ ಪದ್ಮಶ್ರೀ ಗೌರವ ಸಂದಿತು.

ಬೆಂಗಳೂರಿನ ದಶಕ

1959ರ ವೇಳೆಗೆ ರಂಗನಾಥನ್ ಬೆಂಗಳೂರಿಗೆ ಬಂದು ನೆಲೆಸಿದರು. ಅವರಿಗಾಗ 67 ವರ್ಷ. ವಿಶ್ರಾಂತಿಯ ವಯಸ್ಸಿನಲ್ಲಿ ಅವರ ಬದುಕಿನ ಮತ್ತೊಂದು ಅಧ್ಯಾಯ ತೆರೆದುಕೊಂಡಿತು. ಅದಕ್ಕೆ ಕಾರಣರಾದವರು ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಾಲನೊಬಿಸ್.

ಮಹಾಲನೊಬಿಸ್ 1931ರಲ್ಲಿ ಕಲ್ಕತ್ತದಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದವರು. ಬಂಗಾಳದ ಸೆಣಬಿನ ಬೆಳೆಯನ್ನು ಊರೂರು ಎಣಿಸದೆ, ಆಯ್ದ ಕೆಲವು ತುಂಡು ಭೂಮಿಗಳನ್ನು ಅಳೆದು ಇಡೀ ಪ್ರಾಂತ್ಯದ ಲೆಕ್ಕ ಹೇಳುವ ಮಾದರಿ ಸಮೀಕ್ಷೆಗೆ ಭಾರತದಲ್ಲಿ ನೆಲೆ ಒದಗಿಸಿದವರು. ಅಂಕಿಅಂಶ ಕಲೆಹಾಕುವ ಸಂಸ್ಥೆಗೆ ಆ ಮಾಹಿತಿಯನ್ನು ಜೋಡಿಸಿ, ಬೇಕೆಂದವರಿಗೆ ಒದಗಿಸುವ ವಿದ್ಯೆಯೂ ಅಗತ್ಯವೆಂದು ಅವರು ಅರಿತಿದ್ದರು. 1962ರಲ್ಲಿ ಅದೇ ಸಂಸ್ಥೆಯ ಅಂಗವಾಗಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಆರಂಭವಾಯಿತು. ಡಿಆರ್‌ಟಿಸಿ ಎಂದೇ ಪರಿಚಿತವಾದ ಈ ಕೇಂದ್ರದ ಸ್ಥಾಪಕ ರಂಗನಾಥನ್. ಈಗ ಅದು ಮೈಸೂರು ರಸ್ತೆಯ ಆವರಣದಲ್ಲಿದೆ.

ಸಂಖ್ಯಾಶಾಸ್ತ್ರದ ಆಶ್ರಯ ರಂಗನಾಥನ್ ಅವರಿಗೆ ಹೊಸದೇನಲ್ಲ. ಗ್ರಂಥಾಲಯದ ಕೆಲಸಗಳನ್ನು ಲೆಕ್ಕಕ್ಕೆ ಒಳಪಡಿಸುವ ಲೈಬ್ರಮೆಟ್ರಿ ಎಂಬ ಪರಿಕಲ್ಪನೆಯನ್ನು ಅವರು 1948ರಲ್ಲೇ ಇಂಗ್ಲೆಂಡಿನ ಸಮ್ಮೇಳನವೊಂದರಲ್ಲಿ ಮಂಡಿಸಿದ್ದರು. ದಿನದ ಯಾವ ವೇಳೆಯಲ್ಲಿ ಎಷ್ಟು ಓದುಗರು ಬರುತ್ತಾರೆ, ಯಾವ ವಿಷಯದ ಪುಸ್ತಕ ಹೆಚ್ಚು ಹೊರಹೋಗುತ್ತದೆ, ಇಷ್ಟು ಕೆಲಸಕ್ಕೆ ಎಷ್ಟು ಸಿಬ್ಬಂದಿ ಬೇಕು ಎಂಬ ಪ್ರಶ್ನೆಗಳಿಗೆ ಅಂದಾಜಿನ ಬದಲು ಅಂಕಿಯಿಂದ ಉತ್ತರಿಸಬೇಕೆಂಬುದು ಅವರ ನಿಲುವು.

ಬೆಂಗಳೂರಿನ ಕೇಂದ್ರದಲ್ಲಿ ವಿದ್ಯಾರ್ಥಿಗಳು ಕೈಗಾರಿಕೆ ಹಾಗೂ ತಂತ್ರಜ್ಞಾನದ ಅತಿ ಸೂಕ್ಷ್ಮ ವಿಷಯಗಳಿಗೂ ವರ್ಗೀಕರಣದ ಪಟ್ಟಿ ರಚಿಸುವ ಅಭ್ಯಾಸ ಮಾಡಿದರು. ಎ. ನೀಲಮೇಘನ್, ಎಂ.ಎ. ಗೋಪಿನಾಥ್ ಮೊದಲಾದವರು ಗುರುವಿನ ಜೊತೆ ದುಡಿದರು. 1964ರಲ್ಲಿ ಸಂಶೋಧನಾ ನಿಯತಕಾಲಿಕವೂ ಆರಂಭವಾಯಿತು. 1965ರಲ್ಲಿ ಕೇಂದ್ರ ಸರ್ಕಾರ ರಂಗನಾಥನ್ ಅವರನ್ನು ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರನ್ನಾಗಿ ನೇಮಿಸಿತು. ಗಣಿತದ ಮೇಲಿನ ಪ್ರೀತಿ ಆಗಲೂ ಆರಿರಲಿಲ್ಲ. ಶ್ರೀನಿವಾಸ ರಾಮಾನುಜನ್ ಅವರನ್ನು ಕುರಿತು 1967ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು.

ಕಲಬುರಗಿಗೂ ಬಂದ ಕಾನೂನು

ರಂಗನಾಥನ್ ಅವರ ಬದುಕಿನ ಎರಡನೆಯ ಹೋರಾಟ ಕಾನೂನಿನದು. ದಾನಿಗಳ ಔದಾರ್ಯವನ್ನು ನಂಬಿದ ಗ್ರಂಥಾಲಯ ದಾನಿಯೊಡನೆಯೇ ಮುಗಿಯುತ್ತದೆ ಎಂಬುದನ್ನು ಅವರು ಕಂಡಿದ್ದರು. ಶಾಲೆ, ಆಸ್ಪತ್ರೆಗಳಂತೆ ಗ್ರಂಥಾಲಯವೂ ತೆರಿಗೆಯ ಹಣದಲ್ಲಿ ನಡೆಯಬೇಕು ಎಂದು ಒಂದೊಂದು ಪ್ರಾಂತ್ಯಕ್ಕೂ ಕರಡು ಮಸೂದೆ ಬರೆದುಕೊಟ್ಟರು. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1948ರಲ್ಲಿ ಮದ್ರಾಸಿನಲ್ಲಿ ಜಾರಿಗೆ ಬಂತು. ಎರಡನೆಯದು ಹೈದರಾಬಾದ್ ರಾಜ್ಯದ 1955ರ ಕಾಯ್ದೆ.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ್, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಹೈದರಾಬಾದಿನ ಕಾಯ್ದೆಯನ್ನು ಹೊತ್ತುಕೊಂಡೇ ಮೈಸೂರು ರಾಜ್ಯಕ್ಕೆ ಬಂದವು. ಮದ್ರಾಸಿನಿಂದ ಬಂದ ಭಾಗಗಳಿಗೆ ಮದ್ರಾಸಿನ ಕಾಯ್ದೆ. ಹಳೆ ಮೈಸೂರಿಗೆ ಯಾವುದೂ ಇರಲಿಲ್ಲ. ಈ ಅಸಮಾನತೆಯನ್ನು ಹೋಗಲಾಡಿಸಿ ಇಡೀ ರಾಜ್ಯವನ್ನು ಒಂದೇ ವ್ಯವಸ್ಥೆಯಡಿ ತಂದದ್ದು 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ. ಅದು ರೂಪುಗೊಳ್ಳುವಲ್ಲಿ ಬೆಂಗಳೂರಿನಲ್ಲಿದ್ದ ರಂಗನಾಥನ್ ಅವರ ಪಾತ್ರ ದೊಡ್ಡದು. ಪ್ರತ್ಯೇಕ ಇಲಾಖೆ, ನಗರ ಮತ್ತು ಜಿಲ್ಲಾ ಕೇಂದ್ರ ಗ್ರಂಥಾಲಯಗಳು, ಇವುಗಳಿಗಾಗಿಯೇ ವಸೂಲಾಗುವ ಗ್ರಂಥಾಲಯ ಕರ ಎಲ್ಲವೂ ಆ ಕಾಯ್ದೆಯ ಫಲ. ಇಂದು ಆಸ್ತಿ ತೆರಿಗೆ ಕಟ್ಟುವ ನಗರವಾಸಿ ಅದರ ಜೊತೆಗೆ ಶೇ 6ರಷ್ಟು ಗ್ರಂಥಾಲಯ ಕರವನ್ನೂ ಕಟ್ಟುತ್ತಾನೆ. ರಸೀದಿಯಲ್ಲಿ ಆ ಸಾಲನ್ನು ಗಮನಿಸುವವರು ಮಾತ್ರ ಕಡಿಮೆ.

1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ರಂಗನಾಥನ್ ನಿಧನರಾದರು. ಅವರಿಗೆ 80 ವರ್ಷವಾಗಿತ್ತು. ಪ್ರತಿ ವರ್ಷ ಆಗಸ್ಟ್ 12ರಂದು ದೇಶದಲ್ಲಿ ಗ್ರಂಥಪಾಲಕರ ದಿನ ಆಚರಿಸಿ ಅವರನ್ನು ನೆನೆಯಲಾಗುತ್ತದೆ.

ಗೆದ್ದದ್ದು, ಉಳಿದದ್ದು

ಅವರ ಎರಡು ಹೋರಾಟಗಳ ಫಲ ಒಂದೇ ತೆರನಾಗಿಲ್ಲ. ಕೋಲನ್ ವರ್ಗೀಕರಣವನ್ನು ಅಳವಡಿಸಿಕೊಂಡ ಗ್ರಂಥಾಲಯಗಳು ಕೆಲವೇ. ಅದರ ಸಂಕೇತಗಳು ಉದ್ದವಾದವು, ಆವೃತ್ತಿಯಿಂದ ಆವೃತ್ತಿಗೆ ನಿಯಮಗಳು ಬದಲಾದವು. ಏಳನೆಯ ಆವೃತ್ತಿ ಗೋಪಿನಾಥ್ ಅವರ ಸಂಪಾದಕತ್ವದಲ್ಲಿ ಹೊರಬರುವಾಗ 1987 ಆಗಿತ್ತು. ಅಷ್ಟರಲ್ಲಿ ಬಹುಪಾಲು ಗ್ರಂಥಾಲಯಗಳು ಡ್ಯೂಯಿಯ ಸರಳ ದಶಮಾಂಶಕ್ಕೇ ಒಗ್ಗಿಹೋಗಿದ್ದವು. ಆದರೆ ವಿಷಯವನ್ನು ಮುಖಗಳಾಗಿ ಬಿಡಿಸುವ ಚಿಂತನೆ ಗೆದ್ದಿತು. ಲಂಡನ್ನಿನಲ್ಲಿ 1952ರಲ್ಲಿ ಹುಟ್ಟಿದ ವರ್ಗೀಕರಣ ಸಂಶೋಧನಾ ತಂಡ ಅದನ್ನು ಮುಂದುವರಿಸಿತು. ಇಂದು ಅಂತರಜಾಲದ ಮಳಿಗೆಯಲ್ಲಿ ಬಟ್ಟೆಯನ್ನು ಅಳತೆ, ಬಣ್ಣ, ಬೆಲೆ ಎಂದು ಬೇರೆ ಬೇರೆಯಾಗಿ ಆರಿಸಿ ಹುಡುಕುವಾಗಲೂ, ಸಂಶೋಧನಾ ಪ್ರಬಂಧವನ್ನು ವಿಷಯ, ಸ್ಥಳ, ವರ್ಷಗಳಿಂದ ಸೋಸುವಾಗಲೂ ನಾವು ಬಳಸುವುದು ಅದೇ ತತ್ತ್ವವನ್ನು.

ಕಾನೂನಿನ ಕಥೆ ಬೇರೆ. ಜನರಿಂದ ವಸೂಲಾದ ಗ್ರಂಥಾಲಯ ಕರವನ್ನು ಸ್ಥಳೀಯ ಸಂಸ್ಥೆಗಳು ಪೂರ್ತಿಯಾಗಿ ಇಲಾಖೆಗೆ ಸಲ್ಲಿಸುತ್ತಿಲ್ಲ ಎಂಬ ದೂರು ಹಲವು ವರ್ಷಗಳಿಂದ ಕೇಳಿಬರುತ್ತಿದೆ. 2019ರಲ್ಲಿ ರಾಜ್ಯದ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಲಾಯಿತು. ಬಳಿಕ ಅವುಗಳಿಗೆ ಅರಿವು ಕೇಂದ್ರ ಎಂಬ ಹೆಸರು ಬಂದಿತು. ಇದು ಒಳ್ಳೆಯ ಆರಂಭ. ಆದರೆ ಕೇಂದ್ರ ಯಾವ ವೇಳೆಯಲ್ಲಿ ತೆರೆದಿರುತ್ತದೆ, ಹೊಸ ಪುಸ್ತಕ ಎಷ್ಟು ಬರುತ್ತದೆ, ಬಂದದ್ದನ್ನು ಯಾರು ಓದುತ್ತಾರೆ ಎಂಬುದನ್ನು ರಂಗನಾಥನ್ ಅವರ ರೀತಿಯಲ್ಲಿ ಅಂಕಿಗಳಲ್ಲಿ ಅಳೆದಾಗಲಷ್ಟೇ ನಿಜವಾದ ಫಲ ತಿಳಿದೀತು. 2011ರ ಜನಗಣತಿಯಂತೆ ರಾಜ್ಯದ ಸಾಕ್ಷರತೆ ಶೇ 75ರಷ್ಟಿದ್ದಾಗ ಕಲಬುರಗಿ ಜಿಲ್ಲೆಯದು ಶೇ 65ರ ಆಸುಪಾಸಿನಲ್ಲಿತ್ತು. ಗ್ರಂಥಾಲಯದ ಅಗತ್ಯ ಹೆಚ್ಚಿರುವುದು ಇಂಥ ಕಡೆಯಲ್ಲೇ.

ಸೇಡಂ ತಾಲ್ಲೂಕಿನ ಮಳಖೇಡ ಒಂದು ಕಾಲದಲ್ಲಿ ರಾಷ್ಟ್ರಕೂಟರ ರಾಜಧಾನಿ. ಕನ್ನಡದಲ್ಲಿ ಉಪಲಬ್ಧವಿರುವ ಮೊದಲ ಗ್ರಂಥ ಕವಿರಾಜಮಾರ್ಗ ಹೊರಬಂದದ್ದು 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಿಂದ. ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯನೂ ಅದೇ ದೊರೆಯ ಆಶ್ರಯದಲ್ಲಿದ್ದವನು. ವಿದ್ಯೆ ಈ ನೆಲಕ್ಕೆ ಹೊಸದಲ್ಲ. ಈಗ ಕಲಬುರಗಿಯಲ್ಲಿ ವಿಶ್ವವಿದ್ಯಾಲಯವಿದೆ, ಕೃಷಿ ಸಂಶೋಧನಾ ಕೇಂದ್ರವಿದೆ, ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ. 2019ರಲ್ಲಿ ಇಲ್ಲಿನ ತೊಗರಿಗೆ ಭೌಗೋಳಿಕ ಗುರುತೂ ದೊರೆತಿದೆ. ತೊಗರಿಯ ರೋಗದ ಬಗ್ಗೆ ಈ ಸಂಸ್ಥೆಗಳಲ್ಲಿ ಬರೆದಿಡುವ ಮಾತು ಹತ್ತಾರು ಮೈಲಿ ದೂರದ ಕೋಡ್ಲಾದ ರೈತನ ಮಗಳು ಸಂಜೆ ಹೋಗಿ ಕೂರುವ ಅರಿವು ಕೇಂದ್ರಕ್ಕೆ, ಅವಳು ಓದಬಲ್ಲ ಕನ್ನಡದಲ್ಲಿ ತಲುಪಬೇಕು. ರಂಗನಾಥನ್ ಅವರು ಬಿಟ್ಟುಹೋದ ಕೆಲಸದಲ್ಲಿ ಬಾಕಿ ಉಳಿದಿರುವುದು ಇದೇ.